ಫೈಬ್ರಾಯ್ಡ್ ಅಂತ ಬರೆದಿತ್ತು: ಚೊಚ್ಚಲ ಬಸುರಿಯ ಹೊಟ್ಟೆಯಲ್ಲಿದ್ದ ಗಡ್ಡೆಯ ಪ್ರಕರಣ

23 ವರ್ಷದ ಹೆಣ್ಣುಮಗಳು. ಚೊಚ್ಚಲ ಬಸಿರು, 15 ವಾರ ಮುಗಿದಿತ್ತು. ತವರು ಮುಧೋಳದ ಕಡೆ, ಗಂಡನ ಮನೆ ಜಮಖಂಡಿ ಹತ್ತಿರದ ಹಳ್ಳಿ, ಗಂಡನಿಗೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಬಾಗಲಕೋಟೆಯ ನಮ್ಮ ಒಪಿಡಿಗೆ ಬಂದಾಗ ಕೈಯಲ್ಲಿ ತಾಯಿ ಕಾರ್ಡು, ಎರಡು ಸ್ಕ್ಯಾನ್ ರಿಪೋರ್ಟು, ಅರ್ಧ ಖಾಲಿಯಾದ ನೋವಿನ ಮಾತ್ರೆಯ ಶೀಟು ಇತ್ತು. (ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯೋದಕ್ಕೆ ಅವಳ ಒಪ್ಪಿಗೆ ಇದೆ.)

ಕೆಲವು ದಿನಗಳಿಂದ ಕಿಬ್ಬೊಟ್ಟೆಯ ಬಲಗಡೆ ಎಳೆದ ಹಾಗೆ ನೋವು, ಹೊಟ್ಟೆ ಭಾರ. ಅವಳು ಬಾಯಿ ತೆರೆಯುವ ಮೊದಲೇ ಅತ್ತೆ ಶುರು ಮಾಡಿದರು. "ಮೇಡಂರೀ, ಫೈಬ್ರಾಯ್ಡ್ ಐತಂತ ಮೊದ್ಲ ಹೇಳ್ಯಾರ. ಹಡದ ಮ್ಯಾಲೆ ನೋಡೂಣು ಅಂದಾರ. ಈಗ ನೋವಿಗೆ ಏನರ ಕೊಡ್ರಿ, ಸಾಕು." ಫೈಬ್ರಾಯ್ಡ್ ಅಂದರೆ ಗರ್ಭಕೋಶದ ಗೋಡೆಯಲ್ಲೇ ಬೆಳೆಯುವ, ಕ್ಯಾನ್ಸರ್ ಅಲ್ಲದ ಗಡ್ಡೆ.

ಹೊಟ್ಟೆ ಮುಟ್ಟಿ ನೋಡಿದೆ. 16 ವಾರದ ಹೊತ್ತಿಗೆ ಗರ್ಭಕೋಶ ಹೊಕ್ಕಳಿಗೂ ಕೆಳಗಿನ ಮೂಳೆಗೂ ನಡುವೆ ಇರಬೇಕು. ಇವಳದ್ದು ಹೊಕ್ಕಳ ದಾಟಿ ಮೇಲೆ ಹೋಗಿತ್ತು, ಅದೂ ಬಲಕ್ಕೆ ವಾಲಿಕೊಂಡು. ಅವಳಿ ಅಲ್ಲ, ಸ್ಕ್ಯಾನಿನಲ್ಲಿ ಒಂದೇ ಮಗು. ಬಿಪಿ ಸರಿ ಇತ್ತು, ಜ್ವರ ಇಲ್ಲ, ಹಿಮೋಗ್ಲೋಬಿನ್ 9.2. ನಮ್ಮ ಕಡೆ ಬಸುರಿಯರಲ್ಲಿ 9 ಅನ್ನೋದು ಯಾರ ಕಣ್ಣಿಗೂ ಬೀಳದ ಅಂಕಿ, ಅಷ್ಟು ಸಾಮಾನ್ಯ.

ಇನ್ನು ಆ ಎರಡು ರಿಪೋರ್ಟು. ಈ ಪ್ರಕರಣದ ಅರ್ಧ ಕಥೆ ಅವುಗಳಲ್ಲೇ ಇದೆ.

ಮೊದಲನೆಯದು 7ನೇ ವಾರದ್ದು. ಮಗುವಿನ ಹೃದಯ ಬಡಿತ ಕಂಡಿದೆ. ಗರ್ಭಕೋಶದ ಬಲಕ್ಕೆ 5.8 ಸೆಂ.ಮೀ. ಗಟ್ಟಿ ಗಡ್ಡೆ, "ಫೈಬ್ರಾಯ್ಡ್?" ಅಂತ ಬರೆದು ಮುಂದೆ ಪ್ರಶ್ನೆ ಚಿಹ್ನೆ ಹಾಕಿದ್ದಾರೆ. ಹಾಕಿದವರಿಗೆ ನಮಸ್ಕಾರ. ಎರಡನೆಯದು 12ನೇ ವಾರದ್ದು, ಬೇರೆ ಊರು, ಬೇರೆ ಸೆಂಟರ್. ಅದರಲ್ಲಿ "ಈಗಾಗಲೇ ಗೊತ್ತಿರುವ ಫೈಬ್ರಾಯ್ಡ್, 8.9 ಸೆಂ.ಮೀ." ಅಂತಿದೆ. ಪ್ರಶ್ನೆ ಚಿಹ್ನೆ ಮಾಯ. ಗೊತ್ತಿರೋದು ಯಾರಿಗೆ? ಯಾರಿಗೂ ಅಲ್ಲ. ಹಿಂದಿನ ರಿಪೋರ್ಟ್ ನೋಡಿ ಬರೆದರು, ಅಷ್ಟೇ. ತಾಯಿ ಕಾರ್ಡಿನಲ್ಲೂ ಕೆಂಪು ಪೆನ್ನಿನಲ್ಲಿ "ಫೈಬ್ರಾಯ್ಡ್" ಅಂತ ಬಿತ್ತು. ಆಮೇಲೆ ನೋಡಿದವರೆಲ್ಲ ಅದನ್ನೇ ಓದಿದರು. ಆಶಾ ಕಾರ್ಯಕರ್ತೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್, ತಿಂಗಳ 9ನೇ ತಾರೀಕಿನ ಉಚಿತ ತಪಾಸಣೆಯಲ್ಲಿ ನೋಡಿದವರು, ಎಲ್ಲರೂ.

ನನ್ನ ಕಣ್ಣು ನಿಂತಿದ್ದು ರಿಪೋರ್ಟಿನಲ್ಲಿ ಇಲ್ಲದ ಒಂದು ಸಾಲಿನ ಮೇಲೆ. ಎರಡರಲ್ಲೂ "ಎಡ ಅಂಡಾಶಯ ಸಹಜ" ಅಂತ ಇತ್ತು. ಬಲ ಅಂಡಾಶಯದ ಮಾತೇ ಇರಲಿಲ್ಲ. ಕಂಡಿತು ಅಂತಲೂ ಇಲ್ಲ, ಕಾಣಲಿಲ್ಲ ಅಂತಲೂ ಇಲ್ಲ. ಬಸುರಿ ಸ್ಕ್ಯಾನಿಗೆ 1994ರ ಲಿಂಗಪತ್ತೆ ತಡೆ ಕಾಯ್ದೆ ಪ್ರಕಾರ ಫಾರ್ಮ್ ಎಫ್ ತುಂಬಬೇಕಲ್ಲ, ಅದರಲ್ಲಿ ಒಂದು ಕಾಲಂ ಖಾಲಿ ಬಿಟ್ಟರೆ ಮಷಿನ್ನಿಗೆ ಬೀಗ ಬೀಳುವ ಭಯ ಇದೆ. ಹಾಗಾಗಿ ಅದು ಅಚ್ಚುಕಟ್ಟು. ಅಂಡಾಶಯದ ಸಾಲು ಬಿಟ್ಟರೆ ಕೇಳೋರು ಯಾರು?

ಗಡ್ಡೆ ಗರ್ಭಕೋಶದ್ದಾಗಿದ್ದರೆ ಎರಡೂ ಅಂಡಾಶಯ ಅದರಿಂದ ಬೇರೆಯಾಗಿ ಕಾಣಬೇಕು. ಒಂದು ಕಾಣುತ್ತಿಲ್ಲ, ಅದೇ ಬದಿಯಲ್ಲಿ ಗಡ್ಡೆ ಇದೆ ಅಂದರೆ ಆ ಗಡ್ಡೆಯೇ ಅಂಡಾಶಯ ಇರಬಹುದು ಅಂತ ಅನುಮಾನ ಬರಲೇಬೇಕು. 7ನೇ ವಾರದಲ್ಲಿ ಇದನ್ನು ನೋಡೋದು ಸುಲಭ. ಬಸಿರು ಬೆಳೆದ ಹಾಗೆ ಅಂಡಾಶಯಗಳು ಮೇಲಕ್ಕೆ, ಪಕ್ಕಕ್ಕೆ ಸರಿದು ಹುಡುಕೋದು ಕಷ್ಟವಾಗುತ್ತೆ.

ನಮ್ಮ ರೇಡಿಯಾಲಜಿಸ್ಟ್ ಹತ್ತಿರ ಅವಳನ್ನು ಕಳಿಸುವಾಗ ಚೀಟಿಯಲ್ಲಿ ಫೈಬ್ರಾಯ್ಡ್ ಅನ್ನೋ ಪದ ಬೇಕಂತಲೇ ಬರೆಯಲಿಲ್ಲ. "ಬಲಗಡೆ ಗಡ್ಡೆ ಎಲ್ಲಿಂದ ಹುಟ್ಟಿದೆ ನೋಡಿ" ಅಂತಷ್ಟೇ ಬರೆದೆ. ಅವರು ತುಂಬಾ ಹೊತ್ತು ನೋಡಿದರು. ಗಡ್ಡೆ ಈಗ 12.4 ಸೆಂ.ಮೀ. ಉಬ್ಬು ಉಬ್ಬಾದ ಗಟ್ಟಿ ಗಡ್ಡೆ, ಒಳಗೆ ತೆಳು ಗೋಡೆಗಳು, ಡಾಪ್ಲರ್ ಹಾಕಿದರೆ ಆ ಗೋಡೆಗಳ ಉದ್ದಕ್ಕೂ ರಕ್ತದ ಓಡಾಟ. ಗರ್ಭಕೋಶದಿಂದ ಗಡ್ಡೆಗೆ ಹೋಗುವ ರಕ್ತನಾಳ ಮಾತ್ರ ಒಂದೂ ಇಲ್ಲ. ಫೈಬ್ರಾಯ್ಡ್ ಆಗಿದ್ದರೆ ಅದಕ್ಕೆ ರಕ್ತ ಬರಬೇಕಾದ್ದು ಅಲ್ಲಿಂದಲೇ ಅಲ್ವಾ? ಬಲ ಅಂಡಾಶಯ ಎಷ್ಟು ಹುಡುಕಿದರೂ ಸಿಗಲಿಲ್ಲ.

ಗಾತ್ರದ ಲೆಕ್ಕ ಸ್ವಲ್ಪ ನೋಡಿ. 5.8ರಿಂದ 12.4. ಅಡ್ಡಳತೆ ಎರಡು ಪಟ್ಟಾದರೆ ಒಳಗಿನ ತೂಕ ಎಂಟು ಪಟ್ಟು. ಎರಡು ತಿಂಗಳಲ್ಲಿ ಅಷ್ಟು. ಬಸಿರಿನಲ್ಲಿ ಫೈಬ್ರಾಯ್ಡ್ ಬೆಳೆಯೋದೇ ಇಲ್ಲ ಅಂತಲ್ಲ, ಮೊದಲ ಮೂರು ತಿಂಗಳಲ್ಲಿ ಕೆಲವು ಬೆಳೆಯುತ್ತವೆ, ಒಳಗೆ ರಕ್ತ ಸಾಲದೆ ಕೊಳೆತು ಜೋರು ನೋವೂ ಕೊಡುತ್ತವೆ. ಆದರೆ ಆ ನೋವಿಗೆ ಗಡ್ಡೆ ಒತ್ತಿದ ಜಾಗದಲ್ಲೇ ಚೀರುತ್ತಾರೆ. ಇವಳು ಒತ್ತಿದರೆ ಸುಮ್ನೆ ಇದ್ದಳು. ಜೊತೆಗೆ 23ರ ವಯಸ್ಸಿಗೆ ಅಷ್ಟು ದೊಡ್ಡ ಫೈಬ್ರಾಯ್ಡ್ ಅಪರೂಪ. ಮದುವೆಗೆ ಮುಂಚೆ ಮುಟ್ಟಿನ ತೊಂದರೆಯೂ ಏನೂ ಇರಲಿಲ್ಲವಂತೆ.

ಅಂಡಾಶಯದ ಗಡ್ಡೆ ಅಂದ ತಕ್ಷಣ ಕ್ಯಾನ್ಸರ್ ಅಂತ ಹೆದರಬೇಕಾಗಿಲ್ಲ. ಬಸಿರಿನಲ್ಲಿ ಅಂಡಾಶಯದಲ್ಲಿ ಕಾಣೋದು ಬಹುಪಾಲು ನೀರುಗಂಟು. 16 ವಾರದೊಳಗೆ ತಾನಾಗಿ ಕರಗುತ್ತೆ. ಕರಗದೆ ಉಳಿದವುಗಳಲ್ಲೂ ನೂರಕ್ಕೆ ಒಂದರಿಂದ ಆರು ಮಾತ್ರ ಕ್ಯಾನ್ಸರ್. ಆದರೆ ಇದು ನೀರುಗಂಟಲ್ಲ, ಗಟ್ಟಿ ಗಡ್ಡೆ. ಈ ವಯಸ್ಸಿನ ಬಸುರಿಯಲ್ಲಿ ಗಟ್ಟಿ ಗಡ್ಡೆ ಅಂದರೆ ನಾಲ್ಕೈದು ಹೆಸರು ತಲೆಗೆ ಬರುತ್ತವೆ. ಬಸಿರಿನ ಹಾರ್ಮೋನಿಗೆ ಉಬ್ಬುವ ಲೂಟಿಯೋಮಾ ಇರಬಹುದು. ಅದನ್ನು ಮುಟ್ಟಲೇಬಾರದು, ಹೆರಿಗೆ ಆದ ಮೇಲೆ ಇಳಿದು ಹೋಗುತ್ತೆ. ಆದರೆ ಅದರಲ್ಲಿ ಕೆಲವರಿಗೆ ಮುಖದ ಮೇಲೆ ಕೂದಲು, ದನಿ ಒಡೆಯೋದು ಇರುತ್ತೆ, ಇವಳಿಗೆ ಇಲ್ಲ. ಜಠರದ ಕ್ಯಾನ್ಸರ್ ಅಂಡಾಶಯಕ್ಕೆ ಹರಡಿದ್ದು ಇರಬಹುದು. ಅದು ಜಾಸ್ತಿ ಎರಡೂ ಕಡೆ ಬರುತ್ತೆ, ವಾಂತಿ ನಿಲ್ಲೋದಿಲ್ಲ, ಊಟ ಸೇರೋದಿಲ್ಲ. ಇವಳ ವಾಂತಿ ಮೂರು ತಿಂಗಳಿಗೆ ನಿಂತಿತ್ತು, ರೊಟ್ಟಿ ಚೆನ್ನಾಗಿ ಉಣ್ಣುತ್ತಿದ್ದಳು. ಅಂಡಾಶಯದ್ದೇ ಮಾಮೂಲಿ ನಾರುಗಡ್ಡೆ (ಫೈಬ್ರೋಮಾ) ಇರಬಹುದು, ಆದರೆ ಅದು ಇಷ್ಟು ಬೇಗ ಬೆಳೆಯೋದಿಲ್ಲ. ಉಳಿದದ್ದು ಡಿಸ್‌ಜರ್ಮಿನೋಮಾ. ಅಂಡಾಣುವಿನ ಮೂಲ ಜೀವಕೋಶದಿಂದ ಹುಟ್ಟುವ ಕ್ಯಾನ್ಸರ್ ಇದು. ಗಂಡಸರ ವೃಷಣದಲ್ಲಿ ಬರುವ ಸೆಮಿನೋಮಾದ ಅವಳಿ ಅನ್ನಬಹುದು. ಅಂಡಾಶಯದ ಕ್ಯಾನ್ಸರುಗಳಲ್ಲೆಲ್ಲ ನೂರಕ್ಕೆ ಒಂದೆರಡು ಮಾತ್ರ ಇದು. ಆದರೆ ಬರೋದು ಹತ್ತರಿಂದ ಮೂವತ್ತರೊಳಗಿನ ಹುಡುಗಿಯರಿಗೇ ಜಾಸ್ತಿ, ಅಂದರೆ ಬಸುರಾಗುವ ವಯಸ್ಸಿಗೇ.

ಈಗ ರಕ್ತ ಪರೀಕ್ಷೆ. ಬಸುರಿಯಲ್ಲಿ ಕ್ಯಾನ್ಸರ್ ಹುಡುಕುವವರು ಮುಗ್ಗರಿಸೋದು ಇಲ್ಲೇ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಅಂಡಾಶಯದ ಗಡ್ಡೆ ಅಂದರೆ ಎಲ್ಲರೂ ಬರೆಯೋದು ಸಿಎ-125 ಅನ್ನುವ ರಕ್ತ ಪರೀಕ್ಷೆ. ಬಸಿರಿನ ಮೊದಲ ತಿಂಗಳುಗಳಲ್ಲಿ ಅದು ಸುಮ್ ಸುಮ್ನೆ ಏರುತ್ತೆ. ಈ ಗಡ್ಡೆಗೆ ಅದು ಗುರುತೂ ಅಲ್ಲ. ಬೀಟಾ ಎಚ್‌ಸಿಜಿ ಅಂತೂ ಬಸಿರಿನದೇ ಹಾರ್ಮೋನು, ಮೂತ್ರದ ಪರೀಕ್ಷೆಯಲ್ಲಿ ಎರಡು ಗೆರೆ ಬರಿಸೋದೇ ಅದು. ಎಎಫ್‌ಪಿ ಅನ್ನುವ ಪ್ರೋಟೀನು ಮಗುವಿನ ಲಿವರ್‌ನಿಂದ ತಾಯಿಯ ರಕ್ತಕ್ಕೆ ಬರುತ್ತೆ, 30ನೇ ವಾರದ ಆಸುಪಾಸು ತುದಿ ಮುಟ್ಟುತ್ತೆ. ರಿಪೋರ್ಟಿನ ಪಕ್ಕದಲ್ಲಿ ಅಚ್ಚಾಗಿರುವ "ಸಹಜ ಮಿತಿ" ಬಸುರಿಯಲ್ಲದವರದ್ದು, ಹಾಗಾಗಿ ಎಲ್ಲದರ ಮುಂದೆಯೂ ಕೆಂಪು ಬಾಣ ಬಂದುಬಿಡುತ್ತೆ. ಅದನ್ನು ನೋಡಿ ಮನೆಯವರು ಗಾಬರಿ. ಇವಳ ಎಎಫ್‌ಪಿ 41 ಇತ್ತು, 16 ವಾರಕ್ಕೆ ಅದು ಸರಿಯಾದ ಅಂಕಿ. ಸಾವಿರ ದಾಟಿದ್ದರೆ ಯೋಕ್ ಸ್ಯಾಕ್ ಅನ್ನುವ ಇನ್ನೊಂದು ಜಾತಿಯ ಗಡ್ಡೆಯ ಅನುಮಾನ ಪಡಬೇಕಿತ್ತು.

ಬಸಿರಿನಿಂದ ಕೆಡದ ಗುರುತು ಒಂದಿದೆ, ಎಲ್‌ಡಿಎಚ್ ಅನ್ನುವ ಕಿಣ್ವ. ಮಾಮೂಲಿ ಬಸಿರಿನಲ್ಲಿ ಅದು ಹೆಚ್ಚೇನೂ ಏರೋದಿಲ್ಲ, ಡಿಸ್‌ಜರ್ಮಿನೋಮಾದಲ್ಲಿ ಮಾತ್ರ ಜಿಗಿಯುತ್ತೆ. ಯಾವ ಊರಿನ ಲ್ಯಾಬಿನಲ್ಲೂ ಆಗುತ್ತೆ, ದುಬಾರಿಯೂ ಅಲ್ಲ. ಆದರೆ ಅದಕ್ಕೆ ಅದರದೇ ತಕರಾರಿದೆ. ಕೆಂಪು ರಕ್ತಕಣದೊಳಗೆ ಎಲ್‌ಡಿಎಚ್, ಪೊಟ್ಯಾಸಿಯಂ ಎರಡೂ ತುಂಬಿರುತ್ತೆ, ಟ್ಯೂಬಿನಲ್ಲಿ ಕಣ ಒಡೆದರೆ ಸುಳ್ಳು ಅಂಕಿ ಬರುತ್ತೆ. ಇವಳ ಮೊದಲ ಸ್ಯಾಂಪಲ್ಲನ್ನು ಊರಲ್ಲೇ ತೆಗೆದು ಬಸ್ಸಿನಲ್ಲಿ ಕಳಿಸಿದ್ದರು. ಬಿಸಿಲಲ್ಲಿ ಕುಲುಕಾಡಿಕೊಂಡು ಬಂದಿತ್ತು. ಎಲ್‌ಡಿಎಚ್ 1,940 ಬಂತು, ಪೊಟ್ಯಾಸಿಯಂ 6.1. ಆರಾಮಾಗಿ ನಡೆದಾಡುವ ಹುಡುಗಿಗೆ ಪೊಟ್ಯಾಸಿಯಂ 6.1 ಅಂದರೆ ಕಣ ಒಡೆದಿದೆ ಅಂತಲೇ ಅರ್ಥ. ಆ ರಿಪೋರ್ಟನ್ನು ಬದಿಗಿಟ್ಟೆವು.

ಮರುದಿನ ನಮ್ಮಲ್ಲೇ ತೆಗೆದು ಕೂಡಲೇ ಓಡಿಸಿದೆವು. 1,486. ಪೊಟ್ಯಾಸಿಯಂ 4.0. ಗಂಡನಿಗೆ ಖುಷಿ. "ಕಡಿಮಿ ಆತಲ್ರಿ ಮೇಡಂರೀ!" ಪಾಪ, ಅವನಿಗೆ ಹೇಗೆ ಗೊತ್ತಾಗಬೇಕು. ಮೊದಲ ಲ್ಯಾಬಿನ ವಿಧಾನದಲ್ಲಿ ಮೇಲಿನ ಮಿತಿ 460, ನಮ್ಮ ಲ್ಯಾಬಿನಲ್ಲಿ 248. ಅಲ್ಲಿ ನಾಲ್ಕು ಪಟ್ಟು ಇದ್ದದ್ದು ಇಲ್ಲಿ ಆರು ಪಟ್ಟು. ಎಲ್‌ಡಿಎಚ್ ನೋಡುವಾಗ ಅಂಕಿ ಬಿಟ್ಟು ಮಿತಿಯ ಎಷ್ಟು ಪಟ್ಟು ಅಂತ ನೋಡಿ, ಮುಂದೆಯೂ ಅದೇ ಲ್ಯಾಬಿನಲ್ಲೇ ಮಾಡಿಸಿ.

ಇನ್ನೂ ಎರಡು ಕಾರಣ ತಳ್ಳಿಹಾಕಬೇಕಿತ್ತು. ಬಸಿರಿನ ಬಿಪಿ ಕಾಯಿಲೆ ಜೋರಾದಾಗ ಎಲ್‌ಡಿಎಚ್ ಏರುತ್ತೆ, ಆದರೆ ಅದು ಬರೋದು 20 ವಾರದ ನಂತರ, ಇವಳ ಬಿಪಿ, ಪ್ಲೇಟ್‌ಲೆಟ್, ಲಿವರ್ ಎಲ್ಲ ಸರಿ ಇದ್ದವು. ಬಿ12 ಕೊರತೆಯಲ್ಲೂ ಸಾವಿರದ ಮೇಲೆ ಹೋಗುತ್ತೆ. ಸಸ್ಯಾಹಾರಿಗಳು ಜಾಸ್ತಿ ಇರುವ ಕಡೆ ಇದನ್ನು ಮರೆಯಬಾರದು. ಆದರೆ ಬಿ12 ಕೊರತೆಯಲ್ಲಿ ರಕ್ತಕಣ ದೊಡ್ಡದಾಗುತ್ತೆ, ಇವಳದ್ದು ಸಣ್ಣವು. ಮಾಮೂಲಿ ಕಬ್ಬಿಣದ ಕೊರತೆ. ಅಲ್ಲಿಗೆ ಎಲ್‌ಡಿಎಚ್ ಬೆರಳು ತೋರಿಸುತ್ತಿದ್ದದ್ದು ಗಡ್ಡೆಯ ಕಡೆಗೇ.

ಎಂಆರ್‌ಐ ಅಂದಾಗ ಮನೆಯಲ್ಲಿ ಗಲಾಟೆ. "ಬಸುರಿಗೆ ಅಂಥಾ ಮಷಿನ್ನಾಗ ಹಾಕಬ್ಯಾಡ್ರಿ, ಕೂಸಿಗೆ ಕರೆಂಟ್ ಹತ್ತತೈತಿ." ಎಂಆರ್‌ಐನಲ್ಲಿ ವಿಕಿರಣವೇ ಇಲ್ಲ, ಇರೋದು ಆಯಸ್ಕಾಂತ. ಬಿಡಬೇಕಾದ್ದು ಗ್ಯಾಡೋಲಿನಿಯಂ ಅನ್ನುವ ಬಣ್ಣದ ಇಂಜೆಕ್ಷನ್ನು ಮಾತ್ರ, ಅದು ಮಗುವಿಗೆ ದಾಟುತ್ತೆ. ಬಣ್ಣ ಹಾಕದೆ ಮಾಡಿಸಿದೆವು. ಎದೆಯ ಎಕ್ಸ್‌ರೇಗೂ ಅದೇ ವಾದ. ಎದೆಯ ಒಂದು ಎಕ್ಸ್‌ರೇಯಿಂದ ಮಗುವಿಗೆ ತಲುಪೋದು 0.01 ಮಿಲಿಗ್ರೇಗಿಂತ ಕಡಿಮೆ. ಚಿಂತೆ ಮಾಡಬೇಕಾದ ಮಟ್ಟ 50. ಈ ಲೆಕ್ಕ ಹೇಳಿದಾಗ ಗಂಡ ಒಪ್ಪಿದ, ಕಾರ್ಖಾನೆಯಲ್ಲಿ ಮೀಟರ್ ನೋಡುವ ಕೆಲಸ ಅವನದು. ಅತ್ತೆ ಒಪ್ಪಿದ್ದು ಮಾತ್ರ ಸೊಸೆಯ ಹೊಟ್ಟೆಯ ಮೇಲೆ ಸೀಸದ ಏಪ್ರನ್ ಹೊದಿಸಿದ್ದನ್ನು ಕಣ್ಣಾರೆ ನೋಡಿದ ಮೇಲೆ.

ಎಂಆರ್‌ಐ ಬಂತು. 13 ಸೆಂ.ಮೀ. ಗಡ್ಡೆ ಬಲ ಅಂಡಾಶಯದ್ದೇ. ಎಡದ್ದು ಸಹಜ, ಹೊಟ್ಟೆಯಲ್ಲಿ ನೀರಿಲ್ಲ, ದೊಡ್ಡ ಗ್ರಂಥಿಗಳಿಲ್ಲ. ಎದೆ ಶುದ್ಧ.

ಈ ಹೊತ್ತಿಗೆ ನೆಂಟರೊಬ್ಬರು ಫೋನಿನಲ್ಲಿ ಸಲಹೆ ಕೊಟ್ಟರು, ಯಾವುದೋ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರಂತೆ. "ಸೂಜಿ ಹಾಕಿ ಸ್ವಲ್ಪ ತಗದು ಟೆಸ್ಟ್ ಮಾಡ್ಸ್ರಿ, ಒಮ್ಮೆಲೆ ಆಪರೇಷನ್ ಯಾಕ?" ಕೇಳೋದಕ್ಕೆ ಸರಿ ಅನಿಸುತ್ತೆ. ಕುತ್ತಿಗೆಯ ಗಂಟಿಗೆ, ಎದೆಯ ಗಂಟಿಗೆ ಅದನ್ನೇ ಮಾಡುತ್ತೇವೆ. ಅಂಡಾಶಯಕ್ಕೆ ಮಾಡಬಾರದು. ಇದು ಹುಳಿ ಬಂದ ಮಜ್ಜಿಗೆಯ ಪ್ಯಾಕೆಟ್ಟಿನ ಹಾಗೆ, ಉಬ್ಬಿ ನಿಂತಿರುತ್ತೆ, ಒಂದು ತೂತು ಬಿದ್ದರೆ ಒಳಗಿನದ್ದೆಲ್ಲ ಚೆಲ್ಲುತ್ತೆ. ಸಿಪ್ಪೆಯೊಳಗೇ ಇದ್ದರೆ 1ಎ ಹಂತ, ಚೆಲ್ಲಿದರೆ 1ಸಿ. ಆಗ ಬೇಡವಾಗಿದ್ದ ಕೀಮೋ ಬೇಕಾಗಬಹುದು. ಇಡೀ ಗಡ್ಡೆ ಒಡೆಯದೆ ಹೊರಗೆ ಬರಬೇಕು, ಪರೀಕ್ಷೆ ಏನಿದ್ದರೂ ಆಮೇಲೆ. ಇಲ್ಲಿ ರೋಗ ಪತ್ತೆ ಮಾಡೋದೂ ಆಪರೇಷನ್ನೇ, ಚಿಕಿತ್ಸೆಯೂ ಅದೇ.

ಇನ್ನೊಂದು ಮಾತು ಬಂದೇ ಬರುತ್ತೆ ಅಂತ ಗೊತ್ತಿತ್ತು. ಅತ್ತೆ ದನಿ ತಗ್ಗಿಸಿ ಕೇಳಿದರು. "ಕೂಸು ತಗಿಸಿಬಿಟ್ರ ಗಡ್ಡಿ ತಾನ ಇಳಿತೈತೇನ್ರಿ?" ಇಳಿಯೋದಿಲ್ಲ. ಬಸಿರು ಈ ಕ್ಯಾನ್ಸರನ್ನು ಬೆಳೆಸೋದೂ ಇಲ್ಲ, ತೆಗೆಸಿದರೆ ರೋಗ ಸುಧಾರಿಸೋದೂ ಇಲ್ಲ. ಗರ್ಭಪಾತ ಕಾನೂನಿನಲ್ಲಿ 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು, ಆದರೆ ಒಪ್ಪಿಗೆ ಕೊಡಬೇಕಾದವಳು ಅವಳು. ಅತ್ತೆಯಲ್ಲ, ಗಂಡನೂ ಅಲ್ಲ. ಎಲ್ಲರನ್ನೂ ಹೊರಗೆ ಕಳಿಸಿ ಅವಳನ್ನೊಬ್ಬಳನ್ನೇ ಕೇಳಿದೆ. ಅವಳು ತಿರುಗಿ ಕೇಳಿದ್ದು ಇದು. "ಮೇಡಂರೀ, ಬಲಗಡಿದು ತಗದ್ರ ಕೂಸು ನಿಂದರತೈತಿಲ್ರಿ?" ಎಷ್ಟು ಸರಿಯಾದ ಪ್ರಶ್ನೆ! ಮೊದಮೊದಲು ಬಸಿರು ನಿಲ್ಲಿಸೋದು ಅಂಡಾಶಯದ ಹಾರ್ಮೋನೇ. ಎಂಟು ಹತ್ತು ವಾರ ಕಳೆದ ಮೇಲೆ ಆ ಕೆಲಸ ಮಾಸುಚೀಲದ್ದು. 7ನೇ ವಾರದಲ್ಲಿ ತೆಗೆದಿದ್ದರೆ ಪ್ರೊಜೆಸ್ಟರಾನ್ ಕೊಡಬೇಕಿತ್ತು, ಈಗ ಬೇಡ. "ಹಂಗಾರ ಮಾಡ್ರಿ" ಅಂದಳು.

ಬೆಳಗಾವಿಯ ಒಂದು ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಕಳಿಸಿದೆವು. ಅಲ್ಲಿ ಕ್ಯಾನ್ಸರ್ ಸರ್ಜನ್, ಆಪರೇಷನ್ ನಡೆಯುವಾಗಲೇ ತುಣುಕು ನೋಡಿ ಹೇಳುವ ಪೆಥಾಲಜಿಸ್ಟ್, ಮಕ್ಕಳ ಡಾಕ್ಟರ್ ಒಂದೇ ಕಡೆ ಇದ್ದಾರೆ. ಚಿಕ್ಕಪ್ಪ ಗೋಕಾಕದಲ್ಲಿ ಇದ್ದದ್ದೂ ಅನುಕೂಲವಾಯಿತು. ಬಿಪಿಎಲ್ ಕಾರ್ಡ್ ಇತ್ತು, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತೆ. ರೆಫರಲ್ ಚೀಟಿ ಸರಿಯಾಗಿ ಬರೆಸಿಕೊಂಡು ಹೋಗಿ ಅಂತ ಎರಡೆರಡು ಸಲ ಹೇಳಿದೆ, ಯಾಕೆಂದರೆ ಲೋಕಾಪುರ, ಯರಗಟ್ಟಿ ದಾಟಿ ಅಷ್ಟು ದೂರ ಹೋದ ಮೇಲೆ ಒಂದು ಸೀಲ್ ಇಲ್ಲ ಅಂತ ವಾಪಸ್ ಬಂದವರನ್ನು ನೋಡಿದ್ದೇನೆ.

17ನೇ ವಾರ ಮುಗಿದ ಮೇಲೆ ಆಪರೇಷನ್. ಹೊಟ್ಟೆ ಉದ್ದಕ್ಕೆ ಕೊಯ್ದರು, ಗಡ್ಡೆ ಇಡಿಯಾಗಿ ಬರಬೇಕಲ್ಲ. ಗರ್ಭಕೋಶವನ್ನು ಆದಷ್ಟು ಮುಟ್ಟದೆ, ಮೊದಲು ಹೊಟ್ಟೆ ತೊಳೆದ ನೀರು ಪರೀಕ್ಷೆಗೆ ತೆಗೆದು, ಬಲ ಅಂಡಾಶಯ ಮತ್ತು ನಳಿಕೆ ತೆಗೆದರು. ಸಿಪ್ಪೆ ಒಡೆದಿರಲಿಲ್ಲ. ಎಡ ಅಂಡಾಶಯವನ್ನು ಚೆನ್ನಾಗಿ ನೋಡಿದರು, ಯಾಕೆಂದರೆ ಈ ಗಡ್ಡೆ ನೂರರಲ್ಲಿ ಹತ್ತು ಹದಿನೈದು ಜನರಿಗೆ ಎರಡೂ ಕಡೆ ಇರುತ್ತೆ. ಸಹಜವಾಗಿತ್ತು, ಸುಮ್ನೆ ಕೊಯ್ಯಲಿಲ್ಲ. ಆಪರೇಷನ್ ಮೊದಲೂ ಆಮೇಲೂ ಮಗುವಿನ ಬಡಿತ ಸರಿ ಇತ್ತು.

ಇನ್ನೇನು ಮುಗಿಯಿತು ಅನ್ನುವಾಗ ಪೆಥಾಲಜಿ ರಿಪೋರ್ಟಿನಲ್ಲಿ ಗ್ರಾನುಲೋಮಾ, ಅಂದರೆ ದೇಹದ ರಕ್ಷಣಾ ಕಣಗಳು ಗುಂಪುಗೂಡಿದ ಸಣ್ಣ ಗಂಟು, ಅನ್ನೋ ಪದ ಬಂತು. ನಮ್ಮ ಕಡೆ ಗ್ರಾನುಲೋಮಾ ಅಂದರೆ ಟಿಬಿ ಅಂತಲೇ ಮೊದಲ ಯೋಚನೆ. ಮನೆಯವರಿಗೆ ಯಾರೋ ಹೇಳಿಯೂ ಬಿಟ್ಟಿದ್ದರು, ಕ್ಯಾನ್ಸರ್ ಅಲ್ಲವಂತೆ, ಟಿಬಿಯಂತೆ, ಆರು ತಿಂಗಳು ಗುಳಿಗೆ ನುಂಗಿದರೆ ಆಯ್ತಂತೆ. ಅವರ ಸಂತೋಷ ನೋಡಿ ಇಲ್ಲ ಅನ್ನೋದು ಕಷ್ಟವಾಯಿತು. ಡಿಸ್‌ಜರ್ಮಿನೋಮಾದ ವಿರುದ್ಧ ದೇಹ ಸೆಣಸುವಾಗ ಗಡ್ಡೆಯೊಳಗೇ ಇಂಥ ಗ್ರಾನುಲೋಮಾ ಹುಟ್ಟುತ್ತೆ. ಟಿಬಿ ಕ್ರಿಮಿಯ ಬಣ್ಣದ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಗೋಡೆಗಳ ನಡುವೆ ಗುಂಪು ಗುಂಪಾದ ದೊಡ್ಡ ಬಿಳುಪು ಜೀವಕೋಶಗಳು, ಗೋಡೆಯಲ್ಲಿ ಲಿಂಫೋಸೈಟ್ ಅನ್ನುವ ಬಿಳಿ ರಕ್ತಕಣಗಳು. ವಿಶೇಷ ಬಣ್ಣಗಳಲ್ಲಿ ಈ ಗಡ್ಡೆಯ ಗುರುತಾದ ಒಸಿಟಿ4 ಮತ್ತು ಸಿಡಿ117 ಹತ್ತಿದವು, ಬೇರೆ ಜಾತಿಯ ಗಡ್ಡೆಯ ಗುರುತಾದ ಸಿಡಿ30 ಹತ್ತಲಿಲ್ಲ. ಶುದ್ಧ ಡಿಸ್‌ಜರ್ಮಿನೋಮಾ. ತೊಳೆದ ನೀರಿನಲ್ಲಿ ಕ್ಯಾನ್ಸರ್ ಇಲ್ಲ. ಹಂತ 1ಎ.

1ಎ ಹಂತಕ್ಕೆ ಕೀಮೋ ಬೇಡ, ಕಣ್ಣಿಟ್ಟು ಕಾದರೆ ಸಾಕು. ಹಾಗೆ ಕಾದವರಲ್ಲಿ ನೂರಕ್ಕೆ ಹದಿನೈದರಿಂದ ಇಪ್ಪತ್ತೈದು ಜನರಿಗೆ ಮತ್ತೆ ಬರುತ್ತೆ, ಬಹುಪಾಲು ಮೊದಲ ಎರಡು ವರ್ಷದಲ್ಲಿ. ಬಂದರೂ ಕೀಮೋಗೆ ಚೆನ್ನಾಗಿ ಕರಗುವ ಜಾತಿ ಇದು. ಈ ಅಂಕಿಗಳನ್ನು ಅವಳಿಗೂ ಗಂಡನಿಗೂ ಮುಚ್ಚಿಡದೆ ಹೇಳಿದೆವು. ಮುಚ್ಚಿಟ್ಟಿದ್ದರೆ ಚೆಕಪ್ಪಿಗೆ ಬರುತ್ತಿರಲಿಲ್ಲ ಅನ್ನೋದು ನನ್ನ ಖಚಿತ ಅಭಿಪ್ರಾಯ.

ನಾಲ್ಕು ವಾರಕ್ಕೆ ನಮ್ಮ ಲ್ಯಾಬಿನಲ್ಲಿ ಎಲ್‌ಡಿಎಚ್ 214ಕ್ಕೆ ಇಳಿಯಿತು. ಏಳನೇ ತಿಂಗಳಲ್ಲಿ ಕುಬಸ ಮಾಡಿದರು, ಹೆರಿಗೆಗೆ ತವರಿಗೆ ಬಂದಳು. 38ನೇ ವಾರಕ್ಕೆ ತಾನಾಗಿ ನೋವು ಬಂದು ಮಾಮೂಲಿ ಹೆರಿಗೆಯೇ ಆಯಿತು, ಹೆಣ್ಣು ಮಗು, 2.7 ಕೆ.ಜಿ. ಮಾಸುಚೀಲವನ್ನೂ ಪರೀಕ್ಷೆಗೆ ಕಳಿಸಿದೆವು, ಅದರಲ್ಲಿ ಏನೂ ಇರಲಿಲ್ಲ. ಹೆರಿಗೆ ಆದ ಕೂಡಲೇ ಎಲ್‌ಡಿಎಚ್ ನೋಡಲು ಹೋಗಲಿಲ್ಲ, ಹೆರಿಗೆಯ ಶ್ರಮಕ್ಕೇ ಅದು ಏರಿರುತ್ತೆ, ಇಲ್ಲದ ಗಾಬರಿ ಯಾಕೆ?

ಈಗ ಎರಡು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮತ್ತು ಸ್ಕ್ಯಾನು, ಅದೇ ಲ್ಯಾಬು, ಅದೇ ರೇಡಿಯಾಲಜಿಸ್ಟ್. ರಿಪೋರ್ಟಿನಲ್ಲಿ "ಎಡ ಅಂಡಾಶಯ ಸಹಜ, ಬಲ ಅಂಡಾಶಯ ತೆಗೆಯಲಾಗಿದೆ" ಅಂತ ಎರಡೂ ಸಾಲು ಇರುತ್ತೆ. ಹೋದ ಸಲ ಬಂದಾಗ ಅತ್ತೆ ಇನ್ನೊಂದು ಕೂಸು ಯಾವಾಗ ಅಂತ ಕೇಳಿದರು. ಎಡ ಅಂಡಾಶಯ ಕೆಲಸ ಮಾಡುತ್ತಿದೆ, ಆಗುತ್ತೆ, ಆದರೆ ಎರಡು ವರ್ಷ ಕಳೆಯಲಿ ಅಂದೆ. ಸೊಸೆ ನಡುವೆ ಬಾಯಿ ಹಾಕಿದಳು. "ಅತ್ತಿ, ಮೂರು ವರ್ಷ ಅಂತ ಬರ್ಕೊರಿ."